ಕೋಡಿ ಕಡೆಗೋ, ತೂಬಿನ ಕಡೆಗೋ

ನಮ್ಮ ಸಂಘದ ಅಧ್ಯಕ್ಷರಾದ ಚಿಕ್ಕಬೈರಪ್ಪನವರೇ, ಪರವಾನಗಿ ಪರೀಕ್ಷಕರಾದ ಶಶಿರೇಖಾ ಮೇಡಂ ಅವರೇ, ಮಾಕಳಿಯಿಂದ, ಮತ್ತಿಕೆರೆಯಿಂದ, ನಾಗಸಂದ್ರದಲ್ಲಿ ಮೆಟ್ರೋ ಇಳಿದು ಆಟೋ ಸಿಗದೆ ನಡೆದೇ ಬಂದಿರುವ ಸಭಿಕರೇ, ಮೂರನೇ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿರುವ ಮುನಿಕೆಂಪಮ್ಮನವರೇ,

ಕೆಂಚನಕೆರೆ ದೋಣಿ ವಿಹಾರ ಸಂಘದ ಕಾರ್ಯದರ್ಶಿ ಎಂದು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ಮುಗಿಸಿದರೆ ನಾನು ಅಶ್ವತ್ಥ್ ಅಲ್ಲ ಎಂಬುದು ಅಧ್ಯಕ್ಷರಿಗೂ ಗೊತ್ತು. ಇವತ್ತಿನ ಸಂಭ್ರಮಕ್ಕೆ ನನಗೆ ಬೆಳಿಗ್ಗೆ ತಿಂಡಿಯೂ ಸೇರಲಿಲ್ಲ. ಮುನಿಕೆಂಪಮ್ಮನವರಿಗೆ ದೋಣಿ ನಡೆಸುವ ಪರವಾನಗಿ ಸಿಗುತ್ತಿದೆ. ಯಾವ ಮುನಿಕೆಂಪಮ್ಮ? ಮೂವತ್ತು ವರ್ಷ ಅದೇ ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿದವರು. ಹತ್ತು ವರ್ಷ ನಮ್ಮ ಸಂಘದ ದೋಣಿ ನಡೆಸಿದವರು.

ನನಗೂ ಪರವಾನಗಿ ಇದೆ ಸ್ವಾಮಿ. ಗೋವಾಕ್ಕೆ ಹೋಗಿ ಆರು ದಿನ ಹಾಯಿದೋಣಿ ಕಲಿತು ತಂದದ್ದು. ಫ್ರೇಮ್ ಹಾಕಿಸಿ ಟೀವಿಯ ಮೇಲೆ ತೂಗುಹಾಕಿದ್ದೇನೆ. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತೇನೆ ಎಂದು ನನ್ನ ಹೆಂಡತಿಯ ದೂರು.

ಜನವರಿಯಲ್ಲಿ ಹೊಸ ನಿಯಮ ಬಂತು. ಪರವಾನಗಿ ಇಲ್ಲದವರು ದೋಣಿ ಮುಟ್ಟುವಂತಿಲ್ಲ. ಮೊದಲ ಸುತ್ತಿನ ಪರೀಕ್ಷೆಯನ್ನು ಸಂಘದವರೇ ಮಾಡಬೇಕಿತ್ತು. ಸಂಘದವರು ಎಂದರೆ ಯಾರು? ನಾನೇ. ಕೆರೆಯ ನಡುವೆ "ಎಡಕ್ಕೆ ತಿರುಗಿಸಿ" ಎಂದೆ. ಮುನಿಕೆಂಪಮ್ಮ ಕೇಳಿದರು, "ಎಡ ಅಂದ್ರೆ ಕೋಡಿ ಕಡೀಕಾ, ತೂಬ್ನ ಕಡೀಕಾ ಸಾಮಿ?"

ಫ್ಲಾಟ್‌ಗಳಿಂದ ಬಂದ ಸದಸ್ಯರಿಗಾಗಿ ಹೇಳುತ್ತೇನೆ. ಕೋಡಿ ಎಂದರೆ ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಮೂಲೆ. ತೂಬು ಎಂದರೆ ಗದ್ದೆಗೆ ನೀರು ಬಿಡುತ್ತಿದ್ದ ಬಾಗಿಲು. ನನಗೆ ಇದು ಗೊತ್ತಿರಲಿಲ್ಲವೇ? ನಮ್ಮ ತಾತನ ಗದ್ದೆ ಆ ತೂಬಿನ ಕೆಳಗೇ ಇತ್ತು. ಅಲ್ಲೀಗ ನಾನು ಕಟ್ಟಿಸಿದ ಫ್ಲಾಟ್‌ಗಳಿವೆ. ಆದರೂ ನಕ್ಕುಬಿಟ್ಟೆ. "ಎಡ ಬಲ ತಿಳಿಯದು, ಅನುತ್ತೀರ್ಣ" ಎಂದು ಬರೆದೆ. ಅವತ್ತಿನಿಂದ ಅವರಿಗೆ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮಗಳು ಚೈತ್ರಳನ್ನು ಕೂರಿಸಿಕೊಂಡು ಹಾಯಿದೋಣಿ ಬಿಟ್ಟೆ. ಗಾಳಿ ಎದ್ದಿತು. ಗೋವಾದ ವಿದ್ಯೆ ಒಂದೂ ನೆನಪಿಗೆ ಬರಲಿಲ್ಲ, ದೋಣಿ ಮಗುಚಿತು. ನಾನು ದೋಣಿ ಹಿಡಿದುಕೊಂಡೆ. ಚೈತ್ರ ಜೊಂಡಿನೊಳಗೆ ತೇಲಿಹೋದಳು, ಕಾಲಿಗೆ ಬಳ್ಳಿ ಸುತ್ತಿಕೊಂಡಿತು. ಪರವಾನಗಿ ಇದ್ದ ಬಾಲರಾಜ್ ಮೋಟಾರ್ ದೋಣಿ ತಂದರು. ನಾನು "ಎಡಕ್ಕೆ, ಎಡಕ್ಕೆ" ಎಂದು ಕಿರುಚಿದೆ. ಅವರು ಎಡಕ್ಕೇ ಹೋದರು, ಅವರ ಎಡಕ್ಕೆ. ನಾನು ಅವರಿಗೆ ಎದುರು ಮುಖವಾಗಿದ್ದೆ. ನನ್ನ ಎಡ ಅವರಿಗೆ ಬಲ. ಮಗಳು ಒಂದು ಕಡೆ, ದೋಣಿ ಇನ್ನೊಂದು ಕಡೆ. ಬಾಲರಾಜ್ ಅವರದು ಏನೂ ತಪ್ಪಿಲ್ಲ.

ಆಗ ಕೇಳಿಸಿತು ಗೇಟಿನ ಕಡೆಯಿಂದ ಮುನಿಕೆಂಪಮ್ಮನವರ ಕೂಗು. "ಚೈತ್ರವ್ವಾ, ಕಾಲ್ ಒದೀಬ್ಯಾಡ. ಕೋಡಿ ಕಡೀಕ್ ಮೊಕ ಮಾಡು. ಬಂದೆ ಕಣವ್ವಾ." ನೀರಿನಲ್ಲಿ ನೀವು ಹೇಗೆ ತಿರುಗಿದರೂ ಕೋಡಿ ಇದ್ದಲ್ಲೇ ಇರುತ್ತದಲ್ಲವೇ? ಮಗಳು ಆ ಕಡೆ ಮುಖ ತಿರುಗಿಸಿದಳು, ಗಾಳಿಗೆ ಬೆನ್ನಾಯಿತು, ಅಲೆ ಬಾಯಿಗೆ ಬಡಿಯುವುದು ನಿಂತಿತು. ಅಷ್ಟರಲ್ಲಿ ಹರಿಗೋಲು ಅವಳ ಪಕ್ಕದಲ್ಲಿತ್ತು.

ಪರವಾನಗಿ ಇಲ್ಲದೆ ಸಂಘದ ಹರಿಗೋಲು ಬಳಸಿದ್ದಕ್ಕೆ ಸೋಮವಾರ ಮುನಿಕೆಂಪಮ್ಮನವರಿಗೆ ನೋಟಿಸು ಹೋಯಿತು. ನಿಯಮ ನಿಯಮವೇ ಅಲ್ಲವೇ? ಸಹಿ ನನ್ನದೇ. ಈ ಮಾತು ನನ್ನ ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ, ಹೇಗೋ ಬಾಯಿಗೆ ಬಂದುಬಿಟ್ಟಿತು. ಚೈತ್ರ ಇಪ್ಪತ್ತು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಆಗಸ್ಟ್‌ನಲ್ಲಿ ಶಶಿರೇಖಾ ಮೇಡಂ ಬಂದು ಮರುಪರೀಕ್ಷೆ ಮಾಡಿದರು. ದೋಣಿ ಇಳಿದು ನನಗೆ ಹೇಳಿದರು, "ಎಡ ಬಲ ಅರ್ಧ ಗಂಟೇಲಿ ಕಲಿಸ್ಬಹುದು ಕಣ್ರೀ ಅಶ್ವತ್ಥ್. ನಾನೀಗ ಕಲಿಸ್ದೆ. ಇವ್ರಿಗೆ ಗೊತ್ತಿರೋದನ್ನ ನಿಮಗೆ ಯಾರು ಕಲಿಸ್ತಾರೆ?" ಅಲ್ಲೇ ನಿಂತು "ಉತ್ತೀರ್ಣ" ಎಂದು ಬರೆದುಕೊಟ್ಟರು.

ಪರವಾನಗಿಯನ್ನು ನಾನು ಕೊಡಬೇಕೆಂದು ಆಮಂತ್ರಣದಲ್ಲಿ ಹಾಕಿದ್ದಾರೆ. ಬೇಡ. ಮೇಡಂ ಕೊಡಲಿ. ನಾಳೆಯಿಂದ ಆ ದೋಣಿ ಮತ್ತೆ ಮುನಿಕೆಂಪಮ್ಮನವರ ಕೈಯಲ್ಲಿ. ಆ ನೋಟಿಸನ್ನು ಈ ಸಭೆಯಲ್ಲೇ ಹಿಂದಕ್ಕೆ ಪಡೆಯುತ್ತೇನೆ.

ಕೊನೆಗೆ ವಂದನಾರ್ಪಣೆ. ಶಾಮಿಯಾನದವರಿಗೆ, ಊಟದವರಿಗೆ, ಮೈಕಿನವರಿಗೆ ನಮ್ಮ ಖಜಾಂಚಿ ಸುರೇಶ್ ಹೇಳುತ್ತಾರೆ. ಒಂದನ್ನು ಮಾತ್ರ ನಾನೇ ಹೇಳಬೇಕು. ಆರು ತಿಂಗಳಾಯಿತು, ಇನ್ನೂ ಹೇಳಿಲ್ಲ. ಅಮ್ಮಾ, ನನ್ನ ಮಗಳನ್ನು ಉಳಿಸಿಕೊಟ್ಟಿರಿ. ನಿಮಗೆ ನಮಸ್ಕಾರ.