ಮರದ ಬಿಲ್ಲೆ

ಚನ್ನಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ನಿಖಾತಳ ಮುಂದೆಯೇ ಹಿರಿಯರೊಬ್ಬರು ತಮ್ಮ ಹಳೇ ಕಾರು ನಿಲ್ಲಿಸಿದರು. ಎದುರಿನ ಬೊಂಬೆ ಅಂಗಡಿಯಿಂದ ಸಾದಿಕ್ ಕೈ ಒರೆಸಿಕೊಳ್ಳುತ್ತ ಬಂದ.

"ಏನ್ ಕೆಂಪಣ್ಣ, ಪೆಟ್ರೋಲ್ ಕುದ್ದು ಮತ್ತೆ ನಿಂತೋಯ್ತಾ?"

"ಇಲ್ಲ ಕಣಪ್ಪ. ಇಂಜಿನ್ ಕಾವು ಕಾರ್ಬೊರೇಟರಿಗೆ ಹತ್ತದಂಗೆ ನೀನು ಮರದ ಬಿಲ್ಲೆ ಕಡೆದು ಹಾಕಿದ್ಮೇಲೆ ಒಂದ್ಸಲನೂ ನಿಂತಿಲ್ಲ."

"ಮತ್ತೇನು?"

"ಅದನ್ನ ತೆಗ್ದುಬುಡು."

"ಯಾಕಣ್ಣ?"

"ಮುಂಚೆ ಸಾವನದುರ್ಗದ ಏರಲ್ಲಿ ನಿಂತೋಗದು. ಹೂ ಮಾರೋ ಬೋರಮ್ಮ ಒದ್ದೆ ಬಟ್ಟೆ ತಂದು ಹಾಕೋಳು. ಇಂಜಿನ್ ಆರೋಗಂಟ ಕುಂತು ಮಾತಾಡೋಳು. ಮನೇಲಿ ಯಾರವ್ರೆ ನಂಗೆ?"

"ಸುಮ್ನೆ ನಿಲ್ಸಿ ಮಾತಾಡ್ಸಣ್ಣ."

"ಏನಂತ ನಿಲ್ಲಿಸ್ಲಿ?"

ನಿಖಾತ್ ಮೊಬೈಲಿನಿಂದ ತಲೆಯೆತ್ತಿದಳು. ಸಾದಿಕ್ ಕಾರು ಹತ್ತಿದ.

"ನಡೀ ಅಣ್ಣ, ಗ್ಯಾರೇಜಲ್ಲಿ ಬಿಚ್ಚಿಸೋಣ."

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಹೊರಟುಹೋಯಿತು.