ಮದುವೆ ತಪ್ಪಿಸಿದವಳು

ಮಲಾವಿಯ ಜೊಂಬಾದಲ್ಲಿ, ಗಿರಣಿಯ ಸಾಲಿನಲ್ಲಿ ಜೋಳ ಹಿಡಿದು ನಿಂತಿದ್ದ, ಬಾಲ್ಯವಿವಾಹ ತಡೆಯುವ ಯುವತಿಯರ ಸಂಘದ ತಿಯಮಿಕೆಗೆ, ಮುಂದಿನ ಹೆಂಗಸರಿಬ್ಬರು ತನ್ನ ವಿಷಯವೇ ಆಡುತ್ತಿದ್ದಾರೆಂದು ತಿಳಿಯಿತು. ಅವರು ಅವಳ ಮುಖ ಕಂಡವರಲ್ಲ.

"ಊರ ಮುಖಂಡನ ಹತ್ರ ಹೋಗಿ ನನ್ನ ಮಗಳ ಮದುವೆ ಮುರಿದ್ಲಲ್ಲ, ಆ ಹುಡುಗಿ ಸಿಕ್ರೆ ಕೆನ್ನೆಗೆ ಬಾರಿಸ್ತೀನಿ," ಎಂದು ದೊಡ್ಡವಳು ಸಿಡುಕಿದಳು.

"ಮಗಳು ಏನಂತಾಳೆ ಅಕ್ಕಾ?"

"ಅವಳಿಗೇನು, ಕುಣ್ಕೊಂಡು ಶಾಲೆಗೆ ಹೋಗ್ತಾಳೆ."

"ಮತ್ತೆ ನಿಂಗ್ಯಾಕೆ ಸಿಟ್ಟು?"

"ಗಂಡ ಮಾತು ಬಿಟ್ಟಿದಾನೆ ಕಣೆ. ಊರೆಲ್ಲ ನಗ್ತದೆ."

"ಹಾಗಾದ್ರೆ ಮದುವೆ ಆಗ್ಬೇಕಿತ್ತಾ?"

"ಹದಿನಾಲ್ಕಕ್ಕಾ? ನನಗಾದ ಹಾಗಾ? ಬೇಡಮ್ಮ... ಏನೋ, ನಂಗೇ ಗೊತ್ತಾಗ್ತಿಲ್ಲ."

ಅವರ ಜೋಳ ಬೀಸಿ ಮುಗಿಯಿತು. ಹಿಟ್ಟಿನ ಬುಟ್ಟಿಯನ್ನು ತಲೆಗೇರಿಸಿಕೊಂಡು ದೊಡ್ಡವಳು ದನಿ ತಗ್ಗಿಸಿದಳು.

"ಆ ಹುಡುಗಿ ಎಲ್ಲಿರ್ತಾಳೆ, ಗೊತ್ತಾ? ಭಾನುವಾರ ನನ್ನ ಚಿಕ್ಕ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ."

ಇಬ್ಬರೂ ರಸ್ತೆ ದಾಟಿದರು. ತಿಯಮಿಕೆ ಸಾಲು ಬಿಟ್ಟು ಅವರ ಹಿಂದೆ ಓಡಿದಳು.