ದರ್ಜಿ ಗುರುತು ಹಿಡಿದ ಕೋಟು

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ದರ್ಜಿ, ಅವನ ತಂಗಿ. ಅವಳ ಗಂಡ ಶಾಸಕರ ಡ್ರೈವರು; ಶಾಸಕರ ಜೊತೆ ಹೋದವನು ಮೂರು ದಿನದಿಂದ ಪತ್ತೆಯಿಲ್ಲ ಎಂದು ಅವರ ಮಾತಿನಿಂದಲೇ ತಿಳಿಯಿತು. ಗೋಡೆಯ ಟಿವಿಯಲ್ಲಿ, ಶಾಸಕರು ಈಗಷ್ಟೇ ವಿಧಾನಸಭೆಗೆ ಬಂದಿಳಿದರು ಎಂದು ತೋರಿಸಿದರು.

“ನೋಡಣ್ಣಾ, ಕಾರಲ್ಲಿ ನಮ್ಮೋರೇ! ಹೋದ ಜೀವ ಬಂತು.”

“ಶಾಸಕರ ಆ ಬೂದು ಕೋಟು ನೋಡು.”

“ನಿಂಗೆ ಯಾವಾಗ್ಲೂ ಬಟ್ಟೆದೇ ಚಿಂತೆ.”

“ಅದು ಸೋಮವಾರದಿಂದ ನನ್ನ ಅಂಗಡೀಲಿದೆ ಕಣೇ. ತೋಳು ಬಿಚ್ಚಿಟ್ಟಿದೀನಿ.”

“ಅಂಥದ್ದೇ ಇನ್ನೊಂದಿರಬಹುದು.”

“ಆ ಜೇಬು ಸೊಟ್ಟಗೆ ಹೊಲಿದು ಬೈಸ್ಕೊಂಡೋನು ನಾನು. ಮರೀತೀನಾ? ಈ ವಿಡಿಯೋ ಯಾವತ್ತೋ ತೆಗೆದಿದ್ದು.”

ಅವಳು ಟಿವಿ ಬಿಟ್ಟು ಅಣ್ಣನ ಕಡೆ ತಿರುಗಿದಳು.

“ಬೆಳಿಗ್ಗೆ ಶಾಸಕರ ಮನೆ ಅಮ್ಮಾವ್ರಿಗೆ ಫೋನ್ ಮಾಡಿದ್ದೆ. ‘ಯಾಕೆ ಅಳ್ತೀಯ, ಹನ್ನೊಂದು ಗಂಟೆಗೆ ಟಿವಿ ಹಾಕು, ನಿನ್ನ ಗಂಡ ಕಾಣ್ತಾನೆ’ ಅಂದ್ರು.”

ದರ್ಜಿ ಗಡಿಯಾರ ನೋಡಿದ. ಹನ್ನೊಂದು ದಾಟಿ ಐದು ನಿಮಿಷ.

“ಬೆಳಿಗ್ಗೇನೇ ಹೇಳಿದ್ರಾ?”

“ಹೂಂ. ನಡಿ ಅಣ್ಣಾ, ಅವರ ಮನೆಗೇ ಹೋಗೋಣ.”

“ನಿನ್ನ ಹಲ್ಲು?”

“ಹಾಳಾಗ್ಲಿ ಹಲ್ಲು. ಇನ್ನೇನೇನು ಮುಂಚೇನೇ ಗೊತ್ತು ಅಂತ ಆಯಮ್ಮನ್ನ ಕೇಳ್ಬೇಕು.”

ದವಡೆ ಒತ್ತಿ ಹಿಡಿದುಕೊಂಡೇ ಅವಳು ಮೆಟ್ಟಿಲಿಳಿದಳು.